ಯಾವ ತೋಟೆಗೆ ಯಾವ ನಳಿಗೆ: 12 ಬೋರ್ ಕೋವಿಯಲ್ಲಿ ನನ್ನ ಅನುಭವ

ಕೋವಿ ನೋಡಿದವರೆಲ್ಲ ಮೊದಲು ಕೇಳುವುದು ಚೋಕ್, ಅಂದರೆ ನಳಿಗೆಯ ಬಾಯಿಯ ಬಿಗಿತ, ಎಷ್ಟೆಂದು. ನಾನು ಮೊದಲು ನೋಡುವುದು ಚೇಂಬರಿನ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಜಾಗದ, ಉದ್ದ. ಕೊಡಗಿನ ಮನೆಗಳಲ್ಲಿ ಉಳಿದಿರುವಂಥ ಹಳೆಯ ಇಂಗ್ಲಿಷ್ ಜೋಡಿನಳಿಗೆಗಳಲ್ಲಿ ಹಲವು 65 ಮಿ.ಮೀ. ಚೇಂಬರಿನವು, ಈಗಿನ ತೋಟೆ ಸಾಮಾನ್ಯವಾಗಿ 70. ಬಾಯಿ ಮಡಚಿರುವುದರಿಂದ ಹೊಸ ತೋಟೆ ಗಿಡ್ಡವಾಗಿರುತ್ತದೆ, 65ರೊಳಗೂ ಸಲೀಸಾಗಿ ಕೂರುತ್ತದೆ. ಅಪಾಯ ಇರುವುದೇ ಇಲ್ಲಿ. ಅದರ ಮೇಲೆ ಬರೆದಿರುವುದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಈಡು ಹಾರುವಾಗ ಆ ಬಾಯಿ ಚೇಂಬರಿನ ಮುಂದೆ ನಳಿಗೆ ಕಿರಿದಾಗುವ ಜಾಗಕ್ಕೆ ಚಾಚಿ ದಾರಿ ಕಟ್ಟುತ್ತದೆ, ಒತ್ತಡ ಏರುತ್ತದೆ. 65ಕ್ಕೂ ಆಗುತ್ತದೆಂದು ತಯಾರಕರೇ ಪೆಟ್ಟಿಗೆಯ ಮೇಲೆ ಬರೆದಿರದಿದ್ದರೆ ಹಾಕಲೇಬಾರದು. 12ಕ್ಕಿಂತ ತೆಳುವಾದ 20 ಬೋರಿನ ತೋಟೆಯನ್ನಂತೂ 12ರ ಜೊತೆ ಒಂದೇ ಜೇಬಿನಲ್ಲಿ ಇಡಬೇಡಿ. ಅದು ಚೇಂಬರ್ ದಾಟಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದೆ 12 ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ.

ಇನ್ನು ಚೋಕ್. ನಳಿಗೆಯ ಬಾಯಿಯೊಂದನ್ನೇ ಅಳೆದರೆ ಏನೂ ಗೊತ್ತಾಗದು. ಒಳಗಿನ ಅಗಲದಿಂದ ಬಾಯಿಯ ಅಗಲ ಕಳೆಯಬೇಕು. 18.5 ಮಿ.ಮೀ. ನಳಿಗೆಯ ಬಾಯಿ 18 ಇದ್ದರೆ ಹಾಫ್ ಚೋಕ್, 17.5 ಇದ್ದರೆ ಫುಲ್. ಜೋಡಿನಳಿಗೆಯಲ್ಲಿ ಸಾಮಾನ್ಯವಾಗಿ ಬಲದ್ದು ಸಡಿಲ, ಎಡದ್ದು ಬಿಗಿ.

ತೋಟೆಯೊಳಗಿನ ಸಣ್ಣ ಚರೆಗೆ, ಅಂದರೆ ಸೀಸದ ಕಾಳುಗಳಿಗೆ, ಬಿಗಿ ಚೋಕ್ ಚೆನ್ನಾಗಿ ಒಗ್ಗುತ್ತದೆ. ಎಲ್‌ಜಿ, ಅಂದರೆ ಕೆಲವೇ ದಪ್ಪ ಗುಂಡುಗಳಿರುವ ತೋಟೆಗೆ ಹಾಗಲ್ಲ. ಅದರ ಒಂದು ಗುಂಡು ಸುಮಾರು 9.1 ಮಿ.ಮೀ., ಅಕ್ಕಪಕ್ಕ ಎರಡಿದ್ದರೆ 18.2. ಇವು 17.5ರ ಬಾಯಲ್ಲಿ ಒಂದನ್ನೊಂದು ತಳ್ಳಿ, ಚಪ್ಪಟೆಯಾಗಿ, ದಿಕ್ಕು ತಪ್ಪುತ್ತವೆ. ಅದಕ್ಕೆ ಸಡಿಲ ನಳಿಗೆಯೇ ನನ್ನ ಆಯ್ಕೆ. ಸ್ಲಗ್, ಅಂದರೆ ಒಂಟಿ ಗುಂಡಿನ ತೋಟೆಗೆ ಚೋಕಿಲ್ಲದ ನಳಿಗೆ ಅಥವಾ ಹೆಚ್ಚೆಂದರೆ ಕ್ವಾರ್ಟರ್. ಕವಚದೊಳಗೆ ಕೂತ ಸಣ್ಣ ಗುಂಡಿನ ಸೇಬೋ ಸ್ಲಗ್ ಮಾತ್ರ ಒಳಗೆ ತಿರುಚು ಗೆರೆಯಿರುವ ನಳಿಗೆಗೇ ಮಾಡಿದ್ದು. ನುಣುಪು ನಳಿಗೆಯಲ್ಲಿ ತಿರುಗದೆ ಪಲ್ಟಿ ಹೊಡೆಯುತ್ತದೆ. ಹಾಗೆಂದು ಆ ಗೆರೆಯ ನಳಿಗೆಗೆ ಚರೆ ಹಾಕಿದರೆ ಚರೆಯೆಲ್ಲ ಅಂಚಿಗೆ ಚದುರಿ ನಡು ಖಾಲಿ ಉಳಿಯುತ್ತದೆ. ಉಕ್ಕಿನ ಚರೆ ಸೀಸದಂತೆ ಅಮುಕಿಕೊಳ್ಳುವುದಿಲ್ಲ. ಅದಕ್ಕೆಂದೇ ಪರೀಕ್ಷಿಸಿದ ನಳಿಗೆ ಬೇಕು, ಚೋಕ್ ಹಾಫ್ ಮೀರಬಾರದು.

ಕೊನೆಗೆ ತೀರ್ಮಾನ ಕಾಗದದ್ದು. ಪರವಾನಗಿ ಇರುವ ರೇಂಜಿನಲ್ಲಿ 40 ಗಜ ದೂರಕ್ಕೆ ನಾಲ್ಕಡಿ ಚೌಕದ ಕಾಗದ ಕಟ್ಟಿ, ಪ್ರತಿ ಈಡಿಗೂ ಹೊಸ ಹಾಳೆ ಹಾಕಿ. ಹೊಡೆದ ಮೇಲೆ ತೂತು ದಟ್ಟವಾಗಿರುವಲ್ಲಿ 30 ಇಂಚಿನ ವೃತ್ತ ಎಳೆಯಿರಿ, ಗುರಿಯ ಚುಕ್ಕೆಯ ಸುತ್ತ ಅಲ್ಲ. ಬ್ರಿಟಿಷ್ ಅಳತೆಯ 6ನೇ ನಂಬರಿನ ಚರೆ 30 ಗ್ರಾಂ ಇರುವ ತೋಟೆಯಲ್ಲಿ ಸುಮಾರು 285 ಚರೆ. ವೃತ್ತದೊಳಗೆ 200 ಬಿದ್ದಿದ್ದರೆ ಶೇ. 70, ಅದು ಫುಲ್ ಚೋಕಿನ ಕೆಲಸ, ಹಾಫ್‌ಗೆ ಶೇ. 60. ಒಂದೇ ಈಡು ನಂಬಬೇಡಿ, ಐದರ ಸರಾಸರಿ ತೆಗೆಯಿರಿ. ತೋಟೆಯ ಕಂಪನಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಸ್ಲಗ್ ಆದರೆ ಎರಡೂ ನಳಿಗೆಯನ್ನು ಬೇರೆಬೇರೆ ಹಾಳೆಗೆ ಹೊಡೆದು ನೋಡಿ. ಎರಡೂ ಒಂದೇ ಕಡೆ ಬೀಳುವುದು ಅಪರೂಪ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗೆ ಹೋಗುವವರು ಅಲ್ಲಿನ ನಿಯಮದ ತೋಟೆಯನ್ನೇ, ಅಲ್ಲಿನ ದೂರದಿಂದಲೇ ಪರೀಕ್ಷಿಸಿ, ಚೆನ್ನಾಗಿ ಹೊಡೆದ ನಳಿಗೆಯೊಂದನ್ನೇ ಬಳಸಬೇಕು.