ಕುದುರೆ ಸವಾರಿಗೆ ಹೊರಟ್ರಾ? ಮೊದಲು ಲಾಯ ನೋಡ್ಕೊಂಡು ಬನ್ನಿ

ನಂದಿಬೆಟ್ಟದ ಕಡೆ ಯಾರೋ ಕುದುರೆ ಮೇಲೆ ಕೂತಿರೋ ರೀಲ್ ನೋಡೋದು, ಫೋನಲ್ಲಿ ಹುಡುಕೋದು, ಮೊದಲು ಸಿಕ್ಕ ಜಾಗಕ್ಕೆ ದುಡ್ಡು ಹಾಕಿ ಭಾನುವಾರ ನೇರ ಟ್ರೇಲಿಗೆ, ಅಂದ್ರೆ ಹೊಲ-ತೋಪಿನ ದಾರಿ ಸವಾರಿಗೆ, ಹೋಗ್ಬಿಡೋದು. ನಮ್ ಕಸಿನ್ ಒಬ್ಬ ಹಿಂಗೇ ಹೋಗಿ ಜೀನು ಸಮೇತ ಕುದುರೆ ಹೊಟ್ಟೆ ಕಡೆ ಜಾರಿ ಮೊಣಕೈ ಮುರ್ಕೊಂಡ. ಕುದುರೆದೇನೂ ತಪ್ಪಿಲ್ಲ ಪಾಪ, ಜೀನು ಬಿಗಿಯೋ ಹೊಟ್ಟೆ ಪಟ್ಟಿ ಸಡಿಲ ಇತ್ತು, ಯಾರೂ ನೋಡಿರ್ಲಿಲ್ಲ.

ಮೊದಲ ಕೆಲ್ಸ, ಎಲ್ಲೆಲ್ಲಿ ಕಲಿಸ್ತಾರೆ ಅಂತ ಲಿಸ್ಟ್ ಮಾಡ್ಕೊಳ್ಳಿ. ಬೆಂಗಳೂರಿನ ಉತ್ತರಕ್ಕೆ ಎಂಬೆಸಿ ರೈಡಿಂಗ್ ಸ್ಕೂಲ್ ಇದೆ, 2018ರ ಏಷ್ಯನ್ ಗೇಮ್ಸಲ್ಲಿ ಎರಡು ಬೆಳ್ಳಿ ತಂದ ಫವಾದ್ ಮಿರ್ಜಾ ಪಳಗಿದ್ದು ಅಲ್ಲೇ. ಮೈಸೂರಲ್ಲಿ ದಸರಾ ಮೆರವಣಿಗೆಯಲ್ಲಿ ನೋಡ್ತೀರಲ್ಲ ಅಶ್ವಾರೋಹಿ ಪೊಲೀಸ್ ದಳ, ಅವ್ರು ಸಾರ್ವಜನಿಕರಿಗೆ ಬೇಸಿಗೆ ಶಿಬಿರ ಮಾಡಿದ್ದಿದೆ, ಏಪ್ರಿಲ್‌ಗೆ ಮುಂಚೆನೇ ಹೋಗಿ ವಿಚಾರಿಸಿ. ಕಾಲೇಜಲ್ಲಿ ಓದ್ತಿದ್ರೆ ಎನ್‌ಸಿಸಿಯಲ್ಲಿ ಕುದುರೆಗೇ ಅಂತ ಇರೋ ಆರ್ ಅಂಡ್ ವಿ ವಿಭಾಗ ಕೇಳಿ, ಅದಕ್ಕಿಂತ ಅಗ್ಗಕ್ಕೆ ಎಲ್ಲೂ ಕಲಿಯೋಕಾಗಲ್ಲ. ಟರ್ಫ್ ಕ್ಲಬ್‌ಗೆ ಫೋನ್ ಮಾಡ್ಬೇಡಿ, ಅದು ರೇಸಿಗೆ. ರೆಸಾರ್ಟಲ್ಲಿ ಹಗ್ಗ ಹಿಡ್ಕೊಂಡು ಎರಡು ರೌಂಡ್ ಹೊಡೆಸ್ತಾರಲ್ಲ, ಅದು ಫೋಟೋಗೆ.

ಈಗ ಎಲ್ರೂ ಎಡವೋ ಜಾಗಕ್ಕೆ ಬರೋಣ: ದುಡ್ಡು ಕೊಡೋಕೆ ಮುಂಚೆ ಒಂದ್ಸಲ ಸುಮ್ನೆ ಹೋಗಿ ನೋಡೋದು. ಬೆಳಿಗ್ಗೆ ಆರೂವರೆಗೆ ಹೋಗಿ, ಆಗ ಜೀನು ಕಟ್ತಾ ಇರ್ತಾರೆ. ಲಾಯದೊಳಗೆ ಕಣ್ಣು ಉರಿಯೋ ಹಾಗೆ ಉಚ್ಚೆ ವಾಸನೆ ಬಂದ್ರೆ ಹಾಸು ಬದ್ಲಾಯ್ಸಿಲ್ಲ ಅಂತ ಅರ್ಥ, ಅಲ್ಲಿಂದ್ಲೇ ವಾಪಸ್ ಬನ್ನಿ. ಕುದುರೆ ಪಕ್ಕೆಲುಬು ಕೈಗೆ ತಾಕ್ಬೇಕು, ದೂರದಿಂದ ಎಣಿಸೋ ಹಾಗಿರ್ಬಾರ್ದು. ಜೀನು ಕೂರೋ ಬೆನ್ನಲ್ಲಿ, ಪಟ್ಟಿ ಉಜ್ಜೋ ಮುಂಗಾಲಿನ ಮೊಣಕೈ ಹಿಂದೆ ಹಸಿ ಗಾಯ ಇದ್ಯಾ ನೋಡಿ. ಲಾಳ ಅಲ್ಲಾಡ್ತಾ ಟಕ್ ಟಕ್ ಅನ್ನುತ್ತಾ ಕೇಳಿಸ್ಕೊಳ್ಳಿ. ಜನ ಹತ್ರ ಬಂದ ತಕ್ಷಣ ಎಲ್ಲಾ ಕುದುರೆಗಳೂ ಕಿವಿ ಹಿಂದಕ್ಕೆ ಒತ್ತಿ ಹಲ್ಲು ತೋರಿಸಿದ್ರೆ ಅಲ್ಲಿ ಏನೋ ಸರಿ ಇಲ್ಲ. ಆಮೇಲೆ ನಿಮ್ ತೂಕ ಕೇಳ್ತಾರಾ ಗಮನಿಸಿ. ಸವಾರ, ಜೀನು ಎರಡೂ ಸೇರಿ ಕುದುರೆ ತೂಕದ 20 ಪರ್ಸೆಂಟ್ ಒಳಗಿರ್ಬೇಕು ಅನ್ನೋದು ಸಾಮಾನ್ಯ ಲೆಕ್ಕ, ಅಂದ್ರೆ 450 ಕೆಜಿ ಕುದುರೆಗೆ 90 ಕೆಜಿ. ತೂಕಾನೇ ಕೇಳದೆ ‘ಬನ್ನಿ ಸಾರ್ ಹತ್ಕೊಳ್ಳಿ’ ಅನ್ನೋರಿಗೆ ಕುದುರೆ ಬಗ್ಗೆನೂ ಚಿಂತೆ ಇಲ್ಲ, ನಿಮ್ ಬಗ್ಗೆನೂ ಇಲ್ಲ. ಮಾಲೀಕರು ಚಂದ ಮಾತಾಡ್ತಾರೆ, ಆದ್ರೆ ವಿಷಯ ಗೊತ್ತಿರೋದು ಕುದುರೆ ನೋಡ್ಕೊಳ್ಳೋ ಸೈಸ್‌ಗೆ. ‘ಅಣ್ಣಾ, ಇದು ದಿನಕ್ಕೆ ಎಷ್ಟು ಗಂಟೆ ಓಡುತ್ತೆ’ ಅಂತ ಅವ್ರನ್ನ ಕೇಳಿ. ರೇಸಿಂದ ರಿಟೈರ್ ಆಗಿರೋ ಕುದುರೆನಾ ಅಂತನೂ ಕೇಳಿ, ಚೆನ್ನಾಗಿ ಪಳಗಿಸಿದ್ರೆ ತೊಂದ್ರೆ ಇಲ್ಲ, ಆದ್ರೆ ಹೊಸಬರಿಗೆ ಹೋದ ತಿಂಗಳು ಟ್ರ್ಯಾಕಿಂದ ಬಂದಿದ್ದು ಬೇಡವೇ ಬೇಡ.

ಸಾಮಾನು. ಸೈಕಲ್ ಹೆಲ್ಮೆಟ್ ಬೇಡ, ಸವಾರಿದೇ ತಗೊಳ್ಳಿ, ಒಂದ್ಸಲ ಜೋರಾಗಿ ಬಿದ್ದ ಮೇಲೆ ಅದನ್ನ ಬಿಸಾಕಿ. ಶೂಗೆ ಚಿಕ್ಕದಾಗಿ ಹಿಮ್ಮಡಿ ಇರ್ಬೇಕು, ಇಲ್ದಿದ್ರೆ ಕಾಲು ರಿಕಾಪಲ್ಲಿ (ಜೀನಿಂದ ನೇತಾಡೋ ಪಾದ ಇಡೋ ಬಳೆ) ಒಳಗೆ ನುಗ್ಗಿ ಸಿಕ್ಕಾಕೊಳ್ಳುತ್ತೆ, ಬಿದ್ರೆ ಎಳ್ಕೊಂಡು ಹೋಗುತ್ತೆ. ಆನ್‌ಲೈನಲ್ಲಿ ಸಿಗೋ ಅಗ್ಗದ ‘ಕೌಬಾಯ್ ಬೂಟ್’ ನಾನೂ ತಗೊಂಡು ಮೋಸ ಹೋದೆ, ಮೂರನೇ ಕ್ಲಾಸಿಗೆ ಅಂಟು ಬಿಟ್ಕೊಳ್ತು.

ಟ್ರೇಲಿಗೆ ಹೋಗೋಕೆ ಮುಂಚೆ ಅಂಕಣದೊಳಗೆ ಕನಿಷ್ಠ ಹತ್ತು ಕ್ಲಾಸ್, ಇದ್ರಲ್ಲಿ ಚೌಕಾಸಿ ಇಲ್ಲ. ನಿಲ್ಲಿಸೋದು, ತಿರುಗಿಸೋದು, ಟ್ರಾಟಲ್ಲಿ, ಅಂದ್ರೆ ಕುದುರೆ ಕುಕ್ಕುತ್ತಾ ಸಣ್ಣಗೆ ಓಡುವಾಗ, ತಾಳಕ್ಕೆ ಎದ್ದು ಕೂರೋದು ಬರ್ಬೇಕು. ಯಾಕಂದ್ರೆ ಹೊರಗಡೆ ರಾಗಿ ಹೊಲ, ನೀಲಗಿರಿ ತೋಪು, ಕೆರೆ ಏರಿ ಮಾತ್ರ ಇರಲ್ಲ, ಬೀದಿನಾಯಿ, ಟ್ರಾಕ್ಟರ್, ಬೇಲಿಗೆ ಸಿಕ್ಕಿ ಪಟಪಟ ಅನ್ನೋ ಪ್ಲಾಸ್ಟಿಕ್ ಕವರ್ ಎಲ್ಲಾ ಇರುತ್ತೆ, ಕುದುರೆಗೆ ಆ ಕವರ್ರೇ ಹುಲಿ. ಕಾಡಂಚಿನ ದಾರಿ ಅಂದ್ರೆ ಅರಣ್ಯ ಇಲಾಖೆ ಅನುಮತಿ ತೋರಿಸಿ ಅಂತ ಕೇಳಿ, ಮುಜುಗರ ಪಡ್ಬೇಡಿ.

ಹತ್ತೋ ದಿನ ಎಡಗಡೆಯಿಂದ ಹತ್ತಿ. ಪಟ್ಟಿ ಬಿಗಿಯುವಾಗ ಎಷ್ಟೋ ಕುದುರೆ ಉಸಿರು ತುಂಬಿ ಹೊಟ್ಟೆ ಉಬ್ಬಿಸ್ಕೊಳ್ಳುತ್ತೆ, ಐದು ನಿಮಿಷ ನಡೆದ ಮೇಲೆ ಅದೇ ಪಟ್ಟಿ ಸಡಿಲ, ನಮ್ ಕಸಿನ್ ಕೆಟ್ಟಿದ್ದು ಇಲ್ಲೇ. ಹಾಗಾಗಿ ಹತ್ತೋಕೆ ಮುಂಚೆ ಒಂದ್ಸಲ, ನಡೆದ ಮೇಲೆ ಇನ್ನೊಂದ್ಸಲ ಬಿಗಿಸ್ಕೊಳ್ಳಿ. ಮುಂದಿನ ಕುದುರೆಗೂ ನಿಮಗೂ ಒಂದು ಕುದುರೆಯಷ್ಟು ಜಾಗ ಬಿಡಿ, ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ರೆ ಅದು ಒದೆಯುತ್ತೆ ಅಂತ, ಇನ್ನೂ ದೂರ ಇರಿ. ಲಾಯದ ಕಡೆ ತಿರುಗಿದ ತಕ್ಷಣ ಎಲ್ಲಾ ಕುದುರೆಗೂ ಮನೆ ನೆನಪಾಗುತ್ತೆ, ಅವಾಗ ಓಡಿಸ್ಬೇಡಿ, ಕೊನೆ ಹತ್ತು ನಿಮಿಷ ನಡಿಗೆಲೇ ಬನ್ನಿ. ಇಳಿದು ಪಟ್ಟಿ ಒಂದು ತೂತು ಸಡಿಲ ಮಾಡಿ. ಕ್ಯಾರೆಟ್ ಕೊಡೋದಿದ್ರೆ ಸೈಸ್‌ನ ಕೇಳಿ, ಅಂಗೈ ಚಪ್ಪಟೆ ಮಾಡಿ ಕೊಡಿ, ಬೆರಳು ಮಡಚಿದ್ರೆ ಅದನ್ನೂ ಕ್ಯಾರೆಟ್ ಅಂದ್ಕೊಳ್ಳುತ್ತೆ.