ಪ್ರಯೋಗ ಮೊದಲು, ಪುಸ್ತಕ ಆಮೇಲೆ: ನಾನು ಬಿ.ಎಸ್‌ಸಿ. ಭೌತಶಾಸ್ತ್ರ ಮುಗಿಸಿದ ಬಗೆ

ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಪದವಿ ಮಾಡುವುದಾದರೆ ಭೌತಶಾಸ್ತ್ರದ ತಂಟೆಗೆ ಹೋಗಬೇಡ ಎಂದು ನನಗೆ ಬುದ್ಧಿ ಹೇಳದವರಿಲ್ಲ. ಬಿ.ಎ. ಮಾಡಿಬಿಡು, ಪದವಿ ಪದವಿಯೇ ಎಂದರು ನಮ್ಮ ಭಾವ. ಜೊತೆಗೆ ಸೇರಿದವರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಉರುಹೊಡೆಯಿರಿ, ಲ್ಯಾಬ್ ಹೇಗೋ ಆಗುತ್ತದೆ ಎಂದರು. ನಾನು ಮಾಡಿದ್ದು ಅದರ ತಿರುಗುಮುರುಗು: ಲ್ಯಾಬ್ ಮೊದಲು, ಅದರ ಬೆನ್ನಿಗೇ ಅಸೈನ್‌ಮೆಂಟ್, ಕೊನೆಗೆ ಪುಸ್ತಕ. ಆರು ವರ್ಷದ ಗಡುವಿಗೆ ಮುಂಚೆಯೇ ಪದವಿ ಕೈಗೆ ಬಂತು. ಉರುಹೊಡೆಯಿರಿ ಎಂದವರಲ್ಲಿ ಒಂದಿಬ್ಬರು ಈಗ ನನ್ನ ಲ್ಯಾಬ್ ರೆಕಾರ್ಡ್ ಪುಸ್ತಕ ಕೇಳಿಕೊಂಡು ಮನೆಗೆ ಬರುತ್ತಾರೆ.

ನಾನು ಸೇರಿದ್ದು ಇಗ್ನೋದ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಹಳೆಯ ಯೋಜನೆಗೆ. ಓದಿನ ಹೊರೆಯನ್ನು ಅಳೆಯುವುದು ಕ್ರೆಡಿಟ್‌ನಲ್ಲಿ. ಒಟ್ಟು 96 ಕ್ರೆಡಿಟ್, ಅದರಲ್ಲಿ ಎಲ್ಲರೂ ಓದಬೇಕಾದ ಫೌಂಡೇಷನ್ ಪತ್ರಿಕೆಗಳಿಗೆ 24. ಭೌತಶಾಸ್ತ್ರ ಮೇಜರ್, ಅಂದರೆ ಮುಖ್ಯ ವಿಷಯ, ಎನಿಸಿಕೊಳ್ಳಬೇಕಾದರೆ ಆ ಒಂದೇ ವಿಷಯದಲ್ಲಿ 48. ಇದರೊಳಗೇ ತಲಾ ನಾಲ್ಕು ಕ್ರೆಡಿಟ್‌ನ ಮೂರು ಲ್ಯಾಬ್. ಅಸೈನ್‌ಮೆಂಟಿಗೆ ಶೇಕಡಾ 30, ಪರೀಕ್ಷೆಗೆ 70, ಎರಡರಲ್ಲೂ ಬೇರೆಬೇರೆಯಾಗಿ ಶೇಕಡಾ 35 ಬರಬೇಕಿತ್ತು. ಥಿಯರಿ ಪತ್ರಿಕೆ ಹೋದರೆ ಜೂನ್ ಅಥವಾ ಡಿಸೆಂಬರ್‌ನಲ್ಲಿ ಮತ್ತೆ ಕೂರಬಹುದಿತ್ತು. ಲ್ಯಾಬ್ ಬ್ಯಾಚ್ ಕೈತಪ್ಪಿದರೆ ಇನ್ನೊಂದು ಬ್ಯಾಚ್ ಕೂಡುವ ತನಕ ಕಾಯಬೇಕಿತ್ತು. ಆದ್ದರಿಂದ ಆಯಾ ವರ್ಷದ ಲ್ಯಾಬ್ ಮುಗಿಯದೆ ಆ ವರ್ಷದ ಭೌತಶಾಸ್ತ್ರದ ಪುಸ್ತಕ ತೆರೆಯುವುದಿಲ್ಲ ಎಂದು ಹಟ ಹಿಡಿದೆ.

ಹಟಕ್ಕೆ ದುಡ್ಡು ಬೇಕು. ಬೆಂಗಳೂರಿನ ಪೀಣ್ಯದ ಒಂದು ತೂಕದ ಯಂತ್ರಗಳ ಕಾರ್ಖಾನೆಯಲ್ಲಿ ಕ್ಯಾಲಿಬ್ರೇಷನ್, ಅಂದರೆ ಯಂತ್ರದ ಅಳತೆಯನ್ನು ತಾಳೆ ನೋಡಿ ಸರಿಪಡಿಸುವುದು, ನನ್ನ ಕೆಲಸ. ಆಗ ಸಂಬಳ ಹದಿನಾಲ್ಕು ಸಾವಿರದ ಆಸುಪಾಸು. ಒಂದು ಲ್ಯಾಬ್ ಎಂದರೆ ಸುಮಾರು ಎರಡು ವಾರ ಬೆಳಗಿನಿಂದ ಸಂಜೆಯವರೆಗೆ. ಅಷ್ಟು ರಜೆ ಯಾರು ಕೊಡುತ್ತಾರೆ? ಸಂಬಳವಿಲ್ಲದ ರಜೆ ಬರೆದುಕೊಟ್ಟೆ, ತಿಂಗಳ ಅರ್ಧ ಸಂಬಳ ಹೋಯಿತು. ವಿಶ್ವವಿದ್ಯಾಲಯದ ವಾರ್ಷಿಕ ಶುಲ್ಕ ಮೂರು ಸಾವಿರದ ಒಳಗೆ ಹೊರಗೆ ಇತ್ತೆಂದು ನೆನಪು. ಕಡಿಮೆ ಶುಲ್ಕದ ಪದವಿ ಎಂದು ಹೇಳುವವರು ಈ ರಜೆಯ ಲೆಕ್ಕವನ್ನು ಎಂದೂ ಹೇಳುವುದಿಲ್ಲ.

ಲ್ಯಾಬಿನಲ್ಲಿ ನನಗೆ ಹೆಸರು ತಂದುಕೊಟ್ಟಿದ್ದು ನ್ಯೂಟನ್ ಉಂಗುರಗಳು: ಗಾಜಿನ ಫಲಕದ ಮೇಲೆ ಮಸೂರ ಇಟ್ಟಾಗ ಕಾಣುವ ಬೆಳಕು-ಕತ್ತಲೆಯ ಉಂಗುರಗಳ ವ್ಯಾಸ ಅಳೆಯುವ ಪ್ರಯೋಗ. ಸೋಡಿಯಂ ದೀಪ ಕಾಯಲು ಹತ್ತು ನಿಮಿಷ ಬಿಟ್ಟು, ಮಸೂರ ಮತ್ತು ಗಾಜಿನ ಫಲಕಗಳನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ ಕೂರಿಸಿದೆ. ನಡುವಿನ ಚುಕ್ಕೆ ಕಪ್ಪಾಗಿಯೇ ಕಾಣಬೇಕು, ಬೆಳ್ಳಗಿದ್ದರೆ ನಡುವೆ ಧೂಳಿದೆ ಎಂದೇ ಅರ್ಥ. ಆಮೇಲೆ ಸೂಕ್ಷ್ಮದರ್ಶಕವನ್ನು ಎಡಕ್ಕೆ ಇಪ್ಪತ್ತು ಉಂಗುರ ದಾಟಿಸಿ, ಇನ್ನೂ ನಾಲ್ಕು ಉಂಗುರ ಹೆಚ್ಚಿಗೆ ಹೋಗಿ, ಅಲ್ಲಿಂದ ಬಲಕ್ಕೆ ಮಾತ್ರ ತಿರುಗಿಸುತ್ತಾ ಬಂದೆ. ಒಂದು ಉಂಗುರ ತಪ್ಪಿತೆಂದು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರೆ ಅದರ ಸಡಿಲವೆಲ್ಲ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಪಕ್ಕದ ಮೇಜಿನವರು ಹಿಂದೆ ಮುಂದೆ ತಿರುಗಿಸಿ ನೇರವಾಗಿ ಬರಬೇಕಾದ ವ್ಯಾಸದ ವರ್ಗಗಳ ಗ್ರಾಫನ್ನು ಅಂಕುಡೊಂಕು ಮಾಡಿಕೊಂಡರು. ನನ್ನದು ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿ ಬಂತು. ಲ್ಯಾಬ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ನನ್ನ ರೆಕಾರ್ಡ್ ತೆಗೆದು ಬೇರೆಯವರಿಗೆ ತೋರಿಸಿದರು. ಹೇಳಿಕೊಳ್ಳಬಾರದು, ಹೇಳಿಕೊಳ್ಳುತ್ತಿದ್ದೇನೆ.

ಮನೆಯಲ್ಲೂ ಒಂದು ಮೇಜು ಹಾಕಿದೆ. ಬೆಳಕು ತಿರುಗುವ ಕೋನ ಅಳೆಯುವ ಸ್ಪೆಕ್ಟ್ರೋಮೀಟರ್ ಕೊಳ್ಳುವ ಶಕ್ತಿ ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನೂರು ರೂಪಾಯಿ ಆಸುಪಾಸಿನ ಕೆಂಪು ಲೇಸರ್ ತಂದು ಹಳೆಯ ಸಿ.ಡಿ.ಯ ಮೇಲೆ ಬಿಟ್ಟೆ. ಸಿ.ಡಿ.ಯ ಗೆರೆಗಳ ಅಂತರ 1.6 ಮೈಕ್ರೋಮೀಟರ್, ಲೇಸರಿನ ತರಂಗಾಂತರ 650 ನ್ಯಾನೋಮೀಟರ್. ತರಂಗಾಂತರವನ್ನು ಗೆರೆಗಳ ಅಂತರದಿಂದ ಭಾಗಿಸಿದರೆ ಮೊದಲ ಚುಕ್ಕೆಯ ಕೋನದ ಸೈನ್ ಬರುತ್ತದೆ, ಎರಡನೆಯ ಚುಕ್ಕೆಗೆ ಅದರ ಎರಡರಷ್ಟು. ಮೊದಲ ಚುಕ್ಕೆ ಸುಮಾರು 24 ಡಿಗ್ರಿಗೆ ಬೀಳಬೇಕು, ಒಂದು ಮೀಟರ್ ದೂರದ ಗೋಡೆಯ ಮೇಲೆ 44 ಸೆಂಟಿಮೀಟರ್ ಆಚೆ ಬಿತ್ತು. ಡಿ.ವಿ.ಡಿ. ಇಟ್ಟರೆ ಅಂತರ 0.74, ಚುಕ್ಕೆ ಎಲ್ಲೋ ಕಿಟಕಿಯ ಪರದೆಯ ಮೇಲೆ ಹೋಗಿ ಕೂತಿತು, ಎರಡನೆಯ ಚುಕ್ಕೆ ಹುಟ್ಟಲೇ ಇಲ್ಲ. ಸೈನ್ ಬೆಲೆ ಒಂದನ್ನು ಮೀರುವಂತಿಲ್ಲ ಎಂಬ ಮಾತು ಅಂದು ಕಣ್ಣಿಗೆ ಕಂಡಿತು. ಆಪ್ಟಿಕ್ಸ್ ಪತ್ರಿಕೆಗೆ ಗ್ರೇಟಿಂಗ್ ಅಧ್ಯಾಯವನ್ನು, ಅಂದರೆ ಇಂಥ ಒತ್ತೊತ್ತು ಗೆರೆಗಳ ಪಾಠವನ್ನು, ನಾನು ಬೇರೆ ಓದಲೇ ಇಲ್ಲ.

ಲೋಲಕದಿಂದ ಜಿ, ಅಂದರೆ ಗುರುತ್ವ ವೇಗೋತ್ಕರ್ಷದ, ಬೆಲೆ ತೆಗೆದಾಗ 9.78 ಬಂತು. ಪುಸ್ತಕದ 9.81ಕ್ಕೆ ಹೊಂದಿಸಬೇಡಿ, ಬೆಂಗಳೂರಿನಲ್ಲಿ ಇರುವುದೇ ಅಷ್ಟು.

ಇನ್ನು ಸೋಲಿನ ಕಥೆ. ಗಣಿತ ವಿಧಾನಗಳ ಎರಡನೆಯ ಪತ್ರಿಕೆ, ಪಿ.ಎಚ್.ಇ. 05, ಕೇವಲ ಎರಡು ಕ್ರೆಡಿಟ್. ಅದು ನನ್ನನ್ನು ಒಂದಕ್ಕಿಂತ ಹೆಚ್ಚು ಸಲ ಕೆಡವಿತು. ಪ್ರತಿ ಸಲವೂ ಪರೀಕ್ಷಾ ಶುಲ್ಕ ಕಟ್ಟಬೇಕು, ಅದಕ್ಕಿಂತ ಹೆಚ್ಚಾಗಿ ಭಾವನ ಮುಖ ನೋಡಬೇಕು. ಈ ಪತ್ರಿಕೆಗೆ ಲ್ಯಾಬ್ ಇಲ್ಲ, ನಿನ್ನ ವಿಧಾನ ಇಲ್ಲಿಗೆ ಮುಗಿಯಿತು ಎಂದು ಜೊತೆಯವರು ನಕ್ಕರು. ಹಾಗಾದರೆ ಲ್ಯಾಬನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದು 555 ಎಂಬ ಟೈಮರ್ ಐ.ಸಿ.ಯಿಂದ ಒಂದು ಚೌಕ ಅಲೆಯ ಸರ್ಕ್ಯೂಟ್ ಕಟ್ಟಿ, ಸಿಗ್ನಲ್ ತಗ್ಗಿಸಿ ಮೊಬೈಲಿನ ಮೈಕ್ ಜಾಕಿಗೆ ಕೊಟ್ಟು, ಉಚಿತ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ನೋಡಿದೆ. ಈ ಪತ್ರಿಕೆಯಲ್ಲಿ ಬರುವ ಫೂರಿಯೇ ಶ್ರೇಣಿ ಎಂದರೆ ಒಂದು ಅಲೆಯನ್ನು ಸೈನ್ ಅಲೆಗಳ ಮೊತ್ತವಾಗಿ ಬಿಡಿಸುವುದು. ಅದರ ಪ್ರಕಾರ ಸಮ ಚೌಕ ಅಲೆಯಲ್ಲಿ ಒಂದು, ಮೂರು, ಐದು ಎಂಬ ಬೆಸ ಪದಗಳು ಮಾತ್ರ ಇರಬೇಕು. ನನ್ನ ಪರದೆಯ ಮೇಲೆ ಎರಡನೆಯದೂ ಎದ್ದು ನಿಂತಿತ್ತು. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: 555ರ ಮಾಮೂಲಿ ಜೋಡಣೆಯಲ್ಲಿ ವೋಲ್ಟೇಜ್ ಮೇಲಿರುವ ಸಮಯ ಕೆಳಗಿರುವ ಸಮಯಕ್ಕಿಂತ ಹೆಚ್ಚು, ಅಲೆ ಸಮ ಚೌಕವೇ ಅಲ್ಲ. ಎರಡು ರೆಸಿಸ್ಟರ್‌ಗಳನ್ನೂ ಒಂದೇ ಬೆಲೆಯವನ್ನಾಗಿ ಮಾಡಿ, ಕೆಳಗಿನದಕ್ಕೆ ಅಡ್ಡಲಾಗಿ, ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡ್ ಹಾಕಿದೆ. ಎರಡನೆಯ ಪದ ಬಹುಪಾಲು ಅಡಗಿತು, ಮೂರನೆಯದು ಮೊದಲನೆಯದರ ಮೂರನೆಯ ಒಂದರಷ್ಟು ಎತ್ತರಕ್ಕೆ ಬಂತು. ಆ ಡಿಸೆಂಬರ್‌ನಲ್ಲಿ ಪತ್ರಿಕೆ ಪಾಸಾಯಿತು, ಅರವತ್ತರ ಹತ್ತಿರ ಅಂಕ.

ಅಲ್ಲಿಂದ ಡಯೋಡಿನ ಹುಚ್ಚು ಹಿಡಿಯಿತು. 1ಎನ್4148 ಎಂಬ ಸಿಲಿಕಾನ್ ಡಯೋಡ್ ಒಂದನ್ನು ಸ್ಲೀವಿನಲ್ಲಿ ಮುಚ್ಚಿ, ಒಂಬತ್ತು ವೋಲ್ಟ್ ಬ್ಯಾಟರಿ ಮತ್ತು ಹತ್ತು ಕಿಲೋಓಮ್ ಮೂಲಕ ಸ್ವಲ್ಪ ಕರೆಂಟ್ ಹರಿಸಿ ಅಡುಗೆಮನೆಯ ಪಾತ್ರೆಯ ನೀರಿಗೆ ಇಳಿಬಿಟ್ಟೆ. ನೀರು ಬಿಸಿಯಾದಂತೆ ಡಯೋಡಿನ ವೋಲ್ಟೇಜ್ ಡಿಗ್ರಿಗೆ ಸುಮಾರು ಎರಡು ಮಿಲಿವೋಲ್ಟಿನಂತೆ ಇಳಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು 97ರ ಸುಮಾರಿಗೆ, 100 ಎಂದು ಬರೆದುಕೊಂಡರೆ ಗ್ರಾಫಿನ ಇಳಿಜಾರು ಕೆಡುತ್ತದೆ. ಆ ಗೆರೆಯನ್ನು ಹಿಂದಕ್ಕೆ ಎಳೆದು ಪರಮಶೂನ್ಯ ಮುಟ್ಟಿಸಿದರೆ 1.2 ವೋಲ್ಟಿನ ಹತ್ತಿರ ನಿಲ್ಲುತ್ತದೆ, ಸಿಲಿಕಾನ್‌ನ ಶಕ್ತಿ ಅಂತರದ, ಅಂದರೆ ಅದರಲ್ಲಿ ಎಲೆಕ್ಟ್ರಾನನ್ನು ಹರಿಯಲು ಬಿಡಿಸಲು ಬೇಕಾದ ಶಕ್ತಿಯ, ನೆರೆಹೊರೆ. ಪರೀಕ್ಷೆಗೆ ಇದು ಬರುವುದಿಲ್ಲ. ಮನೆಯವಳು ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಲಿಲ್ಲ, ಅದು ಇನ್ನೊಂದು ಖರ್ಚು.

ಅಸೈನ್‌ಮೆಂಟ್ ವಿಷಯಕ್ಕೆ ಬಂದರೆ, ಮಾರುಕಟ್ಟೆಯ ಸಿದ್ಧ ಉತ್ತರಗಳನ್ನು ನಾನು ಮುಟ್ಟಲಿಲ್ಲ. ಪ್ರತಿ ಲೆಕ್ಕದ ಕೊನೆಯಲ್ಲಿ ನನ್ನ ಮೇಜಿನ ಮೇಲಿನ ಅಳತೆಯೊಂದನ್ನು ಹಾಕಿ ತಾಳೆ ನೋಡುತ್ತಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಯಾವ ಭಾಗದಿಂದ ಆರಂಭಿಸುತ್ತಿದ್ದೆ, ಸೂತ್ರಗಳನ್ನು ನೆನಪಿಡಲು ಹಿಂದಿನ ರಾತ್ರಿ ಏನು ಮಾಡುತ್ತಿದ್ದೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ. ತಮ್ಮನ ಮಗ ನನ್ನ ನಂತರ ಸೇರಿದ್ದಾನೆ, ಅವನಿಗಷ್ಟೇ ಹೇಳಿದ್ದೇನೆ.

ಅವನದು ಆಮೇಲೆ ಬಂದ 132 ಕ್ರೆಡಿಟ್‌ನ ಯೋಜನೆ. ಅಲ್ಲಿ ಮೂರು ವಿಷಯಗಳಿಗೂ ಸಮಪಾಲು, ಭೌತಶಾಸ್ತ್ರದಲ್ಲಿ ಥಿಯರಿಗೆ ನಾಲ್ಕು ಕ್ರೆಡಿಟ್, ಲ್ಯಾಬಿಗೆ ಎರಡು. ಲ್ಯಾಬ್ ಚಿಕ್ಕದಾಗಿ ಒಡೆದಿರುವುದರಿಂದ ಒಂದೇ ಸಲಕ್ಕೆ ಅರ್ಧ ತಿಂಗಳ ಸಂಬಳ ಬಿಡಬೇಕಾಗಿಲ್ಲ. ನನ್ನ ವಿಧಾನ ಅದಕ್ಕೆ ಇನ್ನೂ ಚೆನ್ನಾಗಿ ಒಗ್ಗುತ್ತದೆ.

ಒಟ್ಟು ಖರ್ಚು, ರಜೆಯೂ ಸೇರಿ, ನಲವತ್ತೈದು ಸಾವಿರದ ಹತ್ತಿರ. ಮೇಜಿನ ಸಾಮಾನಿಗೆ ಅದರಲ್ಲಿ ಮೂರು ಸಾವಿರವೂ ಆಗಿರಲಿಕ್ಕಿಲ್ಲ. ಪದವಿ ಬಂದ ಮೇಲೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಹುದ್ದೆ ಕೊಟ್ಟು ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಏರಿಸಿದರು. ಎರಡು ವರ್ಷದೊಳಗೆ ಅಸಲು ಹುಟ್ಟಿತು. ಭಾವ ಈಗ ತಮ್ಮ ಮಗಳಿಗೆ ಯಾವ ವಿಷಯ ಕೊಡಿಸಬೇಕೆಂದು ನನ್ನನ್ನು ಕೇಳುತ್ತಾರೆ.