ಹಡಗಿನ ವೇಳಾಪಟ್ಟಿ ಬರೆದ ವರ್ಷಗಳು

ಪ್ರವಾಸಿ ಹಡಗುಗಳ ಕಂಪನಿಯೊಂದರ ಯೋಜನಾ ವಿಭಾಗಕ್ಕೆ ಸೇರಿದ ಮೊದಲ ವಾರ ನನ್ನ ಕೈಗೆ ಬಂದ ಹಾಳೆಯಲ್ಲಿ 365 ಚೌಕಗಳಿದ್ದವು. ಅವುಗಳಲ್ಲಿ 14 ಚೌಕಗಳಿಗೆ ಮಾತ್ರ ಬೂದು ಬಣ್ಣ ಬಳಿಯಲಾಗಿತ್ತು. ಆ 14 ದಿನ ಹಡಗು ಡ್ರೈ ಡಾಕ್‌ನಲ್ಲಿ, ಅಂದರೆ ನೀರು ಬರಿದು ಮಾಡಿ ಹಡಗು ದುರಸ್ತಿ ಮಾಡುವ ಕಟ್ಟೆಯಲ್ಲಿ, ಇರಬೇಕಾಗಿತ್ತು. ಉಳಿದ ದಿನಗಳಲ್ಲಿ ಅದು ಯಾವ ಸಮುದ್ರದಲ್ಲಿರಬೇಕು, ಯಾವ ಬಂದರಿನಿಂದ ಹೊರಡಬೇಕು, ಎಲ್ಲೆಲ್ಲಿ ಎಷ್ಟು ಗಂಟೆ ನಿಲ್ಲಬೇಕು ಎಂಬುದನ್ನು ನಾವು ಸುಮಾರು ಎರಡು ವರ್ಷ ಮೊದಲೇ ಬರೆದುಕೊಡಬೇಕಾಗಿತ್ತು, ಏಕೆಂದರೆ ಟಿಕೆಟ್ ಮಾರಾಟ ಅಷ್ಟು ಮುಂಚಿತವಾಗಿಯೇ ಆರಂಭವಾಗುತ್ತದೆ ಮತ್ತು ಬಂದರಿನ ಧಕ್ಕೆಗಳನ್ನು ಅದಕ್ಕೂ ಮೊದಲೇ ಕಾಯ್ದಿರಿಸಬೇಕಾಗುತ್ತದೆ. ಅಲ್ಲಿಯವರೆಗೆ ನಾನು ಬೇರೆ ಯಾರೋ ಬರೆದುಕೊಟ್ಟ ಪಟ್ಟಿಯಂತೆ ಹಡಗು ನಡೆಸುತ್ತಿದ್ದ ಡೆಕ್ ಅಧಿಕಾರಿಯಾಗಿದ್ದೆ. ಆ ಪಟ್ಟಿ ಹೇಗೆ ಹುಟ್ಟುತ್ತದೆ ಎಂದು ಒಮ್ಮೆಯೂ ವಿಚಾರ ಮಾಡಿರಲಿಲ್ಲ.

ಆದರೆ ವೇಳಾಪಟ್ಟಿ ಎಂಬ ಮಾತು ನಮ್ಮ ಮನೆಗೆ ಹೊಸದಾಗಿರಲಿಲ್ಲ. ನಮ್ಮ ತಂದೆ ಬಾಗಲಕೋಟೆಯ ಬಸ್ ಡಿಪೋದಲ್ಲಿ ಸಂಚಾರ ನಿಯಂತ್ರಕರಾಗಿದ್ದರು. ಬನದ ಹುಣ್ಣಿಮೆ ಬಂದರೆ ಬಾದಾಮಿಯ ಬನಶಂಕರಿ ಜಾತ್ರೆಗೆ, ಭಾರತ ಹುಣ್ಣಿಮೆ ಬಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಎಷ್ಟು ಹೆಚ್ಚುವರಿ ಗಾಡಿ ಬಿಡಬೇಕು, ಅವುಗಳನ್ನು ಯಾವ ಊರಿನ ಸಾಲಿನಿಂದ ಕೀಳಬೇಕು, ವಸ್ತಿ ಬಸ್ಸು ಬೆಳಿಗ್ಗೆ ಎಷ್ಟಕ್ಕೆ ಮರಳಿ ಬಂದರೆ ಶಾಲೆಯ ಮಕ್ಕಳಿಗೆ ಸಿಗುತ್ತದೆ ಎಂಬ ಲೆಕ್ಕವನ್ನು ಅವರು ರಾತ್ರಿ ಊಟದ ನಂತರ ಹಳೆಯ ಡೈರಿಯಲ್ಲಿ ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಸಾಗರದ ಕೆಲಸದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಪಾಠ ಆ ಡೈರಿಯದೇ ಎಂದು ಈಗ ಹೇಳಬಲ್ಲೆ.

ಮೊದಲು ನಿರ್ಧಾರವಾಗುವುದು ಯಾವ ತಿಂಗಳಲ್ಲಿ ಯಾವ ಸಮುದ್ರ ಎಂಬುದು. ಉತ್ತರ ಗೋಲಾರ್ಧದ ಚಳಿಗಾಲದಲ್ಲಿ ಕೆರಿಬಿಯನ್, ಬೇಸಿಗೆಯಲ್ಲಿ ಮೆಡಿಟರೇನಿಯನ್ ಮತ್ತು ನಾರ್ವೆಯ ಕರಾವಳಿ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲಾಸ್ಕಾ, ನಮ್ಮ ಚಳಿಗಾಲ ಆಸ್ಟ್ರೇಲಿಯಕ್ಕೆ ಬೇಸಿಗೆಯಾದ್ದರಿಂದ ಆಗ ಸಿಡ್ನಿ: ದೊಡ್ಡ ಹಡಗುಗಳ ವರ್ಷ ಬಹುಪಾಲು ಹೀಗೆ ಹಂಚಿಹೋಗುತ್ತದೆ. ಅಟ್ಲಾಂಟಿಕ್‌ನ ಚಂಡಮಾರುತಗಳ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಇರುತ್ತದೆಯಾದರೂ ಕೆರಿಬಿಯನ್ ಆ ತಿಂಗಳುಗಳಲ್ಲಿ ಪೂರ್ತಿ ಖಾಲಿಯಾಗುವುದಿಲ್ಲ. ಶಾಲೆಗಳ ರಜೆ ಇರುವ ಜುಲೈನಲ್ಲಿ ಜನ ಬರುತ್ತಾರೆ. ಬಿರುಗಾಳಿ ಎದ್ದರೆ ಪೂರ್ವದ ದ್ವೀಪಗಳನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಲು ಹಡಗಿಗೆ ಅವಕಾಶವೂ ಇದೆ. ಹೋಟೆಲನ್ನು ಎತ್ತಿಕೊಂಡು ಹೋಗಲಾಗದು, ಹಡಗನ್ನು ಒಯ್ಯಬಹುದು.

ಒಂದು ಸಮುದ್ರದಿಂದ ಇನ್ನೊಂದಕ್ಕೆ ಹಡಗು ಸಾಗುವ ಏಪ್ರಿಲ್ ಮತ್ತು ಅಕ್ಟೋಬರ್ ಆಸುಪಾಸಿನ ಪ್ರಯಾಣವನ್ನು ನಾವು ಸ್ಥಳಾಂತರ ಯಾತ್ರೆ ಎಂದು ಪ್ರತ್ಯೇಕವಾಗಿ ಬರೆಯುತ್ತಿದ್ದೆವು. ಅಟ್ಲಾಂಟಿಕ್ ದಾಟಲು ಎರಡು ವಾರದ ಆಸುಪಾಸು ಬೇಕು. ನಡುವೆ ಬಂದರುಗಳು ಕಡಿಮೆ, ಮರಳಿ ಬರಲು ವಿಮಾನದ ಟಿಕೆಟ್ ಬೇರೆ ಬೇಕು, ಹೀಗಾಗಿ ದರ ಇಳಿಸಿಯೇ ಮಾರಬೇಕು. ಜಾತ್ರೆಗೆ ಖಾಲಿ ಹೋಗುವ ಗಾಡಿಯಲ್ಲಿ ದಾರಿಯ ಊರುಗಳ ಜನರನ್ನು ಹತ್ತಿಸಿಕೊಂಡು ಡೀಸೆಲ್ ಖರ್ಚು ಹುಟ್ಟಿಸುತ್ತಿದ್ದ ನಮ್ಮ ತಂದೆಗೆ ಇದನ್ನು ವಿವರಿಸಿದಾಗ ಅವರು ಮುಂದಿನ ಮಾತು ಕೇಳದೆಯೇ ತಲೆಯಾಡಿಸಿದರು.

ಎರಡನೆಯದು ಮೂಲ ಬಂದರು. ಪ್ರಯಾಣ ಆರಂಭವಾಗಿ ಮುಗಿಯುವ ಈ ಬಂದರು ಸುಂದರವಾಗಿರಬೇಕಾಗಿಲ್ಲ, ಆದರೆ ಸಮರ್ಥವಾಗಿರಲೇಬೇಕು. 2,000 ಪ್ರಯಾಣಿಕರ ಹಡಗು ಬೆಳಿಗ್ಗೆ ಆರಕ್ಕೆ ಧಕ್ಕೆಗೆ ತಾಗಿತು ಎಂದರೆ ಹತ್ತರೊಳಗೆ ಅಷ್ಟೂ ಜನ ಪೆಟ್ಟಿಗೆಗಳೊಂದಿಗೆ ಇಳಿಯಬೇಕು. ಕೊಠಡಿಗಳೆಲ್ಲ ಸ್ವಚ್ಛವಾಗಬೇಕು, ತರಕಾರಿ, ಹಾಲು, ಹಿಟ್ಟು, ಇಂಧನ, ಸಿಹಿನೀರು ಒಳಗೆ ಬರಬೇಕು, ಕಸ ಹೊರಗೆ ಹೋಗಬೇಕು, ಮಧ್ಯಾಹ್ನದಿಂದ ಇನ್ನೂ 2,000 ಜನ ಹತ್ತಿ, ಸಂಜೆ ಐದಕ್ಕೆ ಹಗ್ಗ ಬಿಚ್ಚಬೇಕು. ಇದಕ್ಕೆ ಹತ್ತಿರದಲ್ಲಿ ದೊಡ್ಡ ವಿಮಾನ ನಿಲ್ದಾಣ, ಹಿಂದಿನ ರಾತ್ರಿ ತಂಗಲು ಹೋಟೆಲುಗಳು, ವಲಸೆ ಮತ್ತು ಸುಂಕದ ಸಿಬ್ಬಂದಿ, ಲಾರಿಗಳು ನಿಲ್ಲಲು ಜಾಗ ಇವೆಲ್ಲ ಬೇಕು. ಮಯಾಮಿ, ಬಾರ್ಸಿಲೋನ, ಸೌತಾಂಪ್ಟನ್, ಸಿಂಗಪುರ ಇಂಥ ಮೂಲ ಬಂದರುಗಳಾಗಿರುವುದು ಈ ಕಾರಣಗಳಿಂದ. ಹಡಗಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ: ಫ್ಲಾರಿಡದ ಟ್ಯಾಂಪಾ ಬಂದರಿಗೆ ಹೋಗುವ ದಾರಿಯಲ್ಲಿ ಸನ್‌ಶೈನ್ ಸ್ಕೈವೇ ಸೇತುವೆ ಇರುವುದರಿಂದ ಅತಿ ದೊಡ್ಡ ಹಡಗುಗಳು ಅಲ್ಲಿಗೆ ಹೋಗಲಾರವು.

ಮೂರನೆಯದು ಕಾನೂನು, ಮತ್ತು ಇದನ್ನು ಪ್ರಯಾಣಿಕರು ಬಹುತೇಕ ಗಮನಿಸುವುದೇ ಇಲ್ಲ. ಅಮೆರಿಕದಲ್ಲಿ 1886ರ ಪ್ರಯಾಣಿಕ ನೌಕೆಗಳ ಕಾಯಿದೆಯ ಪ್ರಕಾರ ವಿದೇಶಿ ಧ್ವಜದ, ಅಂದರೆ ಬೇರೆ ದೇಶದಲ್ಲಿ ನೋಂದಾಯಿಸಿದ, ಹಡಗು ಕೇವಲ ಅಮೆರಿಕದ ಬಂದರುಗಳನ್ನೇ ಸುತ್ತಿ ಬರುವಂತಿಲ್ಲ. ಆದ್ದರಿಂದ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗುವ ಹಡಗು ಕೆನಡದ ವಿಕ್ಟೋರಿಯದಂಥ ಬಂದರಿನಲ್ಲಿ ನಿಲ್ಲುತ್ತದೆ, ಎಷ್ಟೋ ಬಾರಿ ಸಂಜೆಯ ಕೆಲವೇ ಗಂಟೆಗಳ ಮಟ್ಟಿಗೆ. ಕೋವಿಡ್ ಕಾಲದಲ್ಲಿ ಕೆನಡ ತನ್ನ ಬಂದರುಗಳನ್ನು ಮುಚ್ಚಿದಾಗ ಆ ಒಂದು ನಿಲುಗಡೆ ಇಲ್ಲದೆ ಅಲಾಸ್ಕಾದ ಇಡೀ ಋತುವೇ ನಿಂತುಹೋಗುವ ಸ್ಥಿತಿ ಬಂತು. 2021ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತು ತಾತ್ಕಾಲಿಕ ಕಾಯಿದೆ ಮಾಡಿದ ನಂತರವೇ ಹಡಗುಗಳು ಹೊರಟವು. ಆ ವರ್ಷ ನಾವು ಒಂದೇ ಹಡಗಿಗೆ ಮೂರು ಬೇರೆ ಬೇರೆ ಪಟ್ಟಿಗಳನ್ನು ಬರೆದಿಟ್ಟು ಕಾದು ಕುಳಿತಿದ್ದೆವು.

ಈಗ ಊರುಗಳೂ ಮಿತಿ ಹೇರುತ್ತಿವೆ. ವೆನಿಸ್‌ನ ಜ್ಯೂಡೆಕ್ಕ ಕಾಲುವೆಯಲ್ಲಿ 2021ರ ಆಗಸ್ಟ್ 1ರಿಂದ ದೊಡ್ಡ ಹಡಗುಗಳಿಗೆ ಪ್ರವೇಶವಿಲ್ಲ. ಹೀಗಾಗಿ ಅಲ್ಲಿಂದ ಹೊರಡುತ್ತಿದ್ದ ಎಷ್ಟೋ ಯಾತ್ರೆಗಳು ರವೆನ್ನ, ತ್ರಿಯೆಸ್ತೆಗಳಿಗೆ ಸರಿದವು. ಅಲಾಸ್ಕಾದ ಜೂನೋ ನಗರ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಇಟ್ಟುಕೊಂಡಿದೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ಪ್ರವಾಸಿ ಹಡಗುಗಳಿಗೆ ಅವಕಾಶ. ಈ ಮಿತಿಗಳು ಸರಿಯೆಂದೇ ನನ್ನ ಅಭಿಪ್ರಾಯ. ಕೆಲವೇ ಸಾವಿರ ಜನರ ಊರಿಗೆ ಒಂದೇ ಬೆಳಿಗ್ಗೆ ಹತ್ತು ಸಾವಿರ ಜನರನ್ನು ಇಳಿಸುವುದನ್ನು ನಾನು ಡೆಕ್ ಮೇಲೆ ನಿಂತು ಕಂಡಿದ್ದೇನೆ. ಅದು ಊರಿನವರಿಗೂ ಸುಖವಲ್ಲ, ಬಂದವರಿಗೂ ಸುಖವಲ್ಲ.

ನಾನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಕೂತು ರಚಿಸಿದ ಋತು ನಮ್ಮ ಪಶ್ಚಿಮ ಕರಾವಳಿಯದು. ಮಧ್ಯಮ ಗಾತ್ರದ ಒಂದು ಹಡಗನ್ನು ನವೆಂಬರ್‌ನಿಂದ ಮೇವರೆಗೆ ಮುಂಬಯಿಯಲ್ಲಿ ಇರಿಸಲು ಕಂಪನಿ ಯೋಚಿಸುತ್ತಿತ್ತು, ನಾನು ರಜೆಯಲ್ಲಿ ಬಾಗಲಕೋಟೆಯ ನವನಗರದ ಮನೆಯಲ್ಲಿದ್ದೆ. ವಿದೇಶಿ ಧ್ವಜದ ಪ್ರವಾಸಿ ಹಡಗುಗಳು ಭಾರತದ ಬಂದರುಗಳ ನಡುವೆ ಸಂಚರಿಸಲು ನಮ್ಮ ಸರ್ಕಾರ ಸಡಿಲಿಕೆ ಕೊಟ್ಟಿದ್ದರಿಂದ ಕಾನೂನಿನ ತೊಡಕು ಇರಲಿಲ್ಲ. ಉಳಿದದ್ದು ಗಂಟೆ ಮತ್ತು ದೂರಗಳ ಲೆಕ್ಕ.

ಮುಂಬಯಿಯಿಂದ ಗೋವೆಯ ಮುರಗಾಂವ್ ಬಂದರು ಸಮುದ್ರದಲ್ಲಿ ಸುಮಾರು 230 ನಾಟಿಕಲ್ ಮೈಲು (ಇಂಥ ಒಂದು ಮೈಲು ಎಂದರೆ ಸುಮಾರು 1.85 ಕಿಲೋಮೀಟರ್). ಸಂಜೆ ಐದಕ್ಕೆ ಬಿಟ್ಟು ಮರುದಿನ ಬೆಳಿಗ್ಗೆ ಎಂಟಕ್ಕೆ ತಲುಪಬೇಕೆಂದರೆ ಹದಿನೈದು ಗಂಟೆ. ಅದರಲ್ಲಿ ಬಂದರಿನ ದಾರಿ ತೋರುವ ಪೈಲಟ್‌ನನ್ನು ಹತ್ತಿಸಿಕೊಂಡು ನಿಧಾನವಾಗಿ ಬಂದರು ಬಿಡುವ ಮತ್ತು ಸೇರುವ ಎರಡು ಗಂಟೆ ಕಳೆದರೆ ಹದಿಮೂರು, ಅಂದರೆ 18 ನಾಟ್‌ಗಿಂತ ತುಸು ಕಡಿಮೆ; ಗಂಟೆಗೆ ಒಂದು ನಾಟಿಕಲ್ ಮೈಲು ಎಂದರೆ ಒಂದು ನಾಟ್. ಇದು ಹಡಗಿಗೆ ಹಿತವಾದ ವೇಗ. ತೊಂದರೆ ಬಂದದ್ದು ಮುಂದೆ. ಮುರಗಾಂವ್‌ದಿಂದ ಕೊಚ್ಚಿಗೆ ಸುಮಾರು 350 ಮೈಲು. ಗೋವೆಯಿಂದಲೂ ಸಂಜೆ ಐದಕ್ಕೇ ಹೊರಟು ಮರುದಿನ ಬೆಳಿಗ್ಗೆ ಎಂಟಕ್ಕೆ ಕೊಚ್ಚಿ ಮುಟ್ಟಬೇಕಾದರೆ 27 ನಾಟ್ ವೇಗ ಬೇಕು, ಅದು ಆ ಹಡಗಿನಿಂದ ಆಗದ ಮಾತು. 18 ನಾಟ್‌ನಲ್ಲಿ ಹೋದರೆ ಮಧ್ಯಾಹ್ನ ಎರಡಾಗುತ್ತದೆ. ಇತ್ತ ಕೊಚ್ಚಿಯಿಂದ ಮುಂಬಯಿಗೆ 580 ಮೈಲಿನ ಆಸುಪಾಸು. ಐದನೆಯ ದಿನ ಬೆಳಿಗ್ಗೆ ಆರಕ್ಕೆ ಮುಂಬಯಿ ಸೇರಬೇಕಾದರೆ ಮೂರನೆಯ ದಿನ ರಾತ್ರಿ ಎಂಟಕ್ಕೆ ಕೊಚ್ಚಿ ಬಿಡಲೇಬೇಕು. ಉಳಿಯುವುದು ಆರು ಗಂಟೆ. ಆರು ಗಂಟೆಯಲ್ಲಿ ಫೋರ್ಟ್ ಕೊಚ್ಚಿ ನೋಡಿಯಾರು, ಆದರೆ ಹಿನ್ನೀರಿಗೆ ಹೋಗಿ ಬರಲಾರರು.

ವೇಗ ಹೆಚ್ಚಿಸಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಡಗನ್ನು ನೂಕಲು ಬೇಕಾದ ಶಕ್ತಿ ಸರಿಸುಮಾರು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 18 ನಾಟ್‌ನಿಂದ 20ಕ್ಕೆ ಏರಿಸಿದರೆ ಗಂಟೆಯ ಇಂಧನ ಸುಮಾರು 37 ಪ್ರತಿಶತ ಹೆಚ್ಚುತ್ತದೆ; ದಾರಿ ಬೇಗ ಸವೆಯುವುದನ್ನು ಲೆಕ್ಕ ಹಿಡಿದರೂ ಅದೇ ದೂರಕ್ಕೆ 23 ಪ್ರತಿಶತದಷ್ಟು ಹೆಚ್ಚು ಸುಡಬೇಕಾಗುತ್ತದೆ. ಎರಡು ಗಂಟೆಯ ಉಳಿತಾಯಕ್ಕೆ ಅಷ್ಟು ತೆರಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ಗೋವೆಯಿಂದ ಹೊರಡುವ ಹೊತ್ತನ್ನು ಮಧ್ಯಾಹ್ನ ಎರಡಕ್ಕೆ ತಂದೆ. ಆಗ ಕೊಚ್ಚಿಗೆ ಬೆಳಿಗ್ಗೆ ಹನ್ನೊಂದಕ್ಕೆ ಸೇರಿ ಒಂಬತ್ತು ಗಂಟೆ ಸಿಗುತ್ತದೆ. ಗೋವೆಗೆ ಮುಂಬಯಿಯ ಜನ, ನಮ್ಮ ಬೆಳಗಾವಿಯ ಜನ ಯಾವಾಗ ಬೇಕಾದರೂ ಹೋಗಬಲ್ಲರು. ಕೊಚ್ಚಿಗೆ ಹಾಗಲ್ಲ ಎಂಬುದು ನನ್ನ ವಾದವಾಗಿತ್ತು, ಅದನ್ನು ಕಂಪನಿ ಒಪ್ಪಿತು.

ಇದು ಸೋಮವಾರ ಹೊರಟು ಶುಕ್ರವಾರ ಬರುವ ನಾಲ್ಕು ರಾತ್ರಿಯ ಪಟ್ಟಿ. ಶುಕ್ರವಾರ ಸಂಜೆ ಹೊರಟು ಗೋವೆ ನೋಡಿ, ಭಾನುವಾರ ಸಮುದ್ರದಲ್ಲಿ ಕಳೆದು, ಸೋಮವಾರ ಮರಳುವ ಮೂರು ರಾತ್ರಿಯ ಪಟ್ಟಿ ಅದರ ಜೋಡಿ. ಮೂರು ಮತ್ತು ನಾಲ್ಕು ಕೂಡಿ ಏಳಾದರೆ ಪ್ರತಿ ವಾರವೂ ಅದೇ ದಿನಗಳಂದು ಅದೇ ಧಕ್ಕೆ ಸಿಗುತ್ತದೆ. ನೌಕರಿಯಲ್ಲಿರುವವರಿಗೆ ವಾರಾಂತ್ಯ ಸಿಗುತ್ತದೆ. ತಿಂಗಳಿಗೊಮ್ಮೆ ಈ ಎರಡನ್ನೂ ಕೂಡಿಸಿ ಲಕ್ಷದ್ವೀಪವನ್ನೂ ಕೊಚ್ಚಿಯನ್ನೂ ಒಳಗೊಂಡ ಏಳು ರಾತ್ರಿಯ ಯಾತ್ರೆ ಇರಿಸಿದೆ.

ಲಕ್ಷದ್ವೀಪದಲ್ಲಿಯೇ ನಾನು ತಪ್ಪು ಮಾಡಿದೆ. ಅಗತ್ತಿಯಂಥ ದ್ವೀಪದಲ್ಲಿ ದೊಡ್ಡ ಹಡಗಿಗೆ ಧಕ್ಕೆ ಇಲ್ಲ. ಹವಳದ ದಿಬ್ಬದ ಹೊರಗೆ ಹಡಗು ನಿಲ್ಲಿಸಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಒಯ್ಯಬೇಕು. ಕೇರಳಕ್ಕೆ ಮುಂಗಾರು ಸಾಮಾನ್ಯವಾಗಿ ಜೂನ್ 1ಕ್ಕೆ ಬರುತ್ತದೆ ಎಂಬ ಒಂದೇ ದಿನಾಂಕವನ್ನು ನಂಬಿ, ಶಾಲೆಯ ರಜೆಯ ಜನರಿಗಾಗಿ, ಮೇ ಮೂರನೆಯ ವಾರದಲ್ಲಿ ಒಂದು ಯಾತ್ರೆ ಬರೆದೆ. ಮಳೆ ಬಂದಿರಲಿಲ್ಲ, ಆಕಾಶ ಸ್ವಚ್ಛವಾಗಿತ್ತು. ಆದರೆ ದೂರದ ನೈಋತ್ಯದಲ್ಲಿ ಎದ್ದ ಗಾಳಿಯ ಉಬ್ಬಲೆಗಳು ಮೊದಲೇ ಬಂದು ತಲುಪಿದ್ದವು. ಹಡಗಿನ ಬದಿಯಲ್ಲಿ ದೋಣಿ ಆಳೆತ್ತರ ಏರಿಳಿಯುತ್ತಿದ್ದುದನ್ನು ನೋಡಿ ಕ್ಯಾಪ್ಟನ್ ಇಳಿಸುವುದನ್ನು ರದ್ದು ಮಾಡಿದರು. ಅವರು ಮಾಡಿದ್ದು ಸರಿ. ಮಕ್ಕಳನ್ನು ಕರೆದುಕೊಂಡು ಬಂದಿದ್ದ ಕುಟುಂಬಗಳು ರೇಲಿಂಗ್ ಹಿಡಿದು ದ್ವೀಪವನ್ನು ದೂರದಿಂದ ನೋಡಿ ಮರಳಿದವು. ಆ ದಿನ ಅವರಿಗೆ ತಪ್ಪಿದ್ದು ನನ್ನ ಬರಹದಿಂದ. ಅಂದಿನಿಂದ ದೋಣಿಯಲ್ಲಿ ಇಳಿಸುವ ನಿಲುಗಡೆ ಬರೆಯುವಾಗ ನಾನು ಮಳೆಯ ದಿನಾಂಕ ನೋಡುವುದಿಲ್ಲ, ಹಿಂದಿನ ವರ್ಷಗಳ ಅಲೆಯ ಎತ್ತರದ ದಾಖಲೆ ನೋಡುತ್ತೇನೆ. ಆ ಕರಾವಳಿಗೆ ಏಪ್ರಿಲ್ ಕೊನೆಯೇ ನನ್ನ ಗಡಿ.

ಮುಂಗಾರಿನಲ್ಲಿ ಹಡಗನ್ನು ಪಶ್ಚಿಮದಿಂದ ತೆಗೆಯಲೇಬೇಕು, ಆದರೆ ಭಾರತದಿಂದಲೇ ತೆಗೆಯಬೇಕೆಂದಿಲ್ಲ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಶ್ರೀಲಂಕೆಯ ಪೂರ್ವ ತೀರ ಗಾಳಿಯ ಮರೆಯಲ್ಲಿರುತ್ತದೆ. 2023ರ ಜೂನ್‌ನಲ್ಲಿ ಎಂ.ವಿ. ಎಂಪ್ರೆಸ್ ಹಡಗು ಚೆನ್ನೈಯಿಂದ ಹಂಬನ್‌ತೋಟ, ಟ್ರಿಂಕೋಮಲಿ, ಕಾಂಕೇಸಂತುರೈಗಳಿಗೆ ಯಾತ್ರೆ ಆರಂಭಿಸಿದ್ದನ್ನು ಓದಿದಾಗ ಆ ಪಟ್ಟಿ ಬರೆದವರ ಬಗ್ಗೆ ನನಗೆ ಗೌರವ ಮೂಡಿತು. ಚೆನ್ನೈಯ ಕೆಟ್ಟ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್, ಮುಂಬಯಿಯದು ಜೂನ್‌ನಿಂದ ಸೆಪ್ಟೆಂಬರ್. ಒಂದರ ಬಾಗಿಲು ಮುಚ್ಚುವಾಗ ಇನ್ನೊಂದರದು ತೆರೆದಿರುತ್ತದೆ.

ನವನಗರದ ಮನೆಯಲ್ಲಿ ಪಟ್ಟಿ ಮುಗಿಸಿದ ರಾತ್ರಿ ಅದನ್ನು ತಂದೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನಾಲ್ಕು ವಾರಗಳ ಸಾಲುಗಳ ಮೇಲೆ ಬೆರಳಾಡಿಸಿದರು, ಮುಂಬಯಿ ಎಂದು ಬರೆದಿದ್ದ ಚೌಕಗಳನ್ನು ಎಣಿಸಿದರು. ‘ಅಲ್ಲೋ ತಮ್ಮಾ, ಈ ಗಾಡಿ ಮೂರು ದಿನಕ್ಕೊಮ್ಮೆ, ನಾಕು ದಿನಕ್ಕೊಮ್ಮೆ ಡಿಪೋಕ್ಕ ಬರತೈತಿ. ಬಂದ ದಿನಾನ ಎರಡು ಸಾವಿರ ಮಂದಿ ಇಳಿತಾರ, ಎರಡು ಸಾವಿರ ಮಂದಿ ಹತ್ತತಾರ. ನಿನ್ನ ಹುಡುಗರು ಯಾವಾಗ ಮಲಗತಾರ?’ ಎಂದು ಕೇಳಿದರು.

ನಾವಿಕರ ಅಂತರರಾಷ್ಟ್ರೀಯ ನಿಯಮದಂತೆ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ 77 ಗಂಟೆ ವಿಶ್ರಾಂತಿ ಕೊಡಬೇಕು, ಮತ್ತು ಆ ಹತ್ತು ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು. ನನ್ನ ಪಟ್ಟಿ ಕಾಗದದ ಮೇಲೆ ಅದನ್ನು ಮೀರಿರಲಿಲ್ಲ. ಆದರೆ ಪ್ರಯಾಣಿಕರು ಬದಲಾಗುವ ದಿನ ಬೆಳಗಿನ ನಾಲ್ಕಕ್ಕೆ ಏಳುವ ಕೊಠಡಿ ಸಹಾಯಕನಿಗೆ ಆ ಹತ್ತು ಗಂಟೆ ಎಂಥ ತುಂಡುಗಳಲ್ಲಿ ಸಿಗುತ್ತದೆ ಎಂಬುದನ್ನು ಡೆಕ್ ಮೇಲೆ ಇದ್ದ ನಾನೇ ಮರೆತಿದ್ದೆ. ನಾಲ್ಕು ವಾರಗಳಲ್ಲಿ ಅಂಥ ದಿನಗಳು ಏಳಿದ್ದವು. ಏಳು ರಾತ್ರಿಯ ಯಾತ್ರೆಯನ್ನು ತಿಂಗಳಿಗೆ ಒಂದರ ಬದಲು ಎರಡು ಮಾಡಿದರೆ ಅವು ಆರಾಗುತ್ತವೆ, ಮತ್ತು ಎರಡನೆಯ ಯಾತ್ರೆಯಲ್ಲಿ ಪೂರ್ತಿ ಸಮುದ್ರದ ಮೇಲಿನ ದಿನಗಳು ಸಿಗುತ್ತವೆ. ಮಾರಾಟ ವಿಭಾಗ ಒಪ್ಪಲಿಲ್ಲ. ವಾರಾಂತ್ಯದ ಯಾತ್ರೆ ಬೇಗ ತುಂಬುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ಬಂದರಿನಲ್ಲಿ ನಿಂತಾಗ ಹಡಗಿನ ಅಂಗಡಿಗಳು ಮುಚ್ಚಿರುತ್ತವೆ, ಸಮುದ್ರದ ದಿನ ತೆರೆದಿರುತ್ತವೆ ಎಂಬ ಲೆಕ್ಕವನ್ನು ಮುಂದಿಟ್ಟು ಮೂರು ವಾರ ವಾದಿಸಿದೆ. ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳಿಗೆ ಒಪ್ಪಿದರು.

ಫೆಬ್ರವರಿಯಲ್ಲಿ ನಾನು ಆ ಹಡಗು ಹತ್ತಿದೆ. ಖಾನಾಪುರ ಕಡೆಯ ಹುಡುಗನೊಬ್ಬ ನನ್ನ ಕೊಠಡಿ ನೋಡಿಕೊಳ್ಳುತ್ತಿದ್ದ. ಪಟ್ಟಿ ಬರೆದವನು ನಾನೆಂದು ಅವನಿಗೆ ಗೊತ್ತಿರಲಿಲ್ಲ. ಮೂರನೆಯ ದಿನ ಟವೆಲ್ ಇಡಲು ಬಂದವನು ನನ್ನ ಕನ್ನಡ ಕೇಳಿ ನಿಂತ, ಊರು ಕೇಳಿದ, ಆಮೇಲೆ ತಾನಾಗಿಯೇ ಹೇಳಿದ: ‘ಈ ಟ್ರಿಪ್ಪಿನ್ಯಾಗ ಮಧ್ಯಾಹ್ನ ಮಲಗಾಕ ಸಿಗತೈತ್ರಿ ಸರ್.’